ಕಾಗವಾಡಕ್ಕೆ ವಿಮಾನದಲ್ಲಿ ಎಷ್ಟು ಹೊತ್ತು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕೊಲ್ಹಾಪುರದ ಉಜಲಾಯಿವಾಡಿ ವಿಮಾನ ನಿಲ್ದಾಣಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 96 ಕಿಲೋಮೀಟರ್. ಗಂಟೆಗೆ 500 ಕಿ.ಮೀ. ವೇಗದಲ್ಲಿ ಹಾರುವ ಎಟಿಆರ್ ವಿಮಾನಕ್ಕೆ ಇದು ಹನ್ನೆರಡು ನಿಮಿಷದ ಲೆಕ್ಕ. ಮೇಲೇರುವುದು, ಇಳಿಯುವುದು ಎಲ್ಲ ಸೇರಿಸಿದರೂ ಇಪ್ಪತ್ತು, ಇಪ್ಪತ್ತೈದು ನಿಮಿಷ. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ದೂರ ಇಷ್ಟು, ಹಾರಾಟದ ಸಮಯ ಇಷ್ಟು ಎಂದು ಥಟ್ಟನೆ ಬಂದುಬಿಡುತ್ತದೆ. ನೋಡಿದವರಿಗೆ ಅನ್ನಿಸುತ್ತದೆ, ಅಬ್ಬ, ಇಷ್ಟು ಹತ್ತಿರವಾ!

ಆದರೆ ಆ ಲೆಕ್ಕ ಹಿಡಿದುಕೊಂಡು ಮನೆಯಿಂದ ಹೊರಟರೆ ಆಗುವುದೇ ಬೇರೆ. ಈ ಎರಡು ನಿಲ್ದಾಣಗಳ ಸುತ್ತಮುತ್ತ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಅಲ್ಲಿಗೆ ಕರಾವಳಿಯಿಂದ ಹೋಗಿ ಬರಬೇಕಾದವರು ನಮ್ಮಲ್ಲಿ ಇದ್ದಾರೆ. ಅವರಿಗೆ ಈ 96 ಕಿಲೋಮೀಟರ್, ಈ ಇಪ್ಪತ್ತು ನಿಮಿಷ ಎಂತಕ್ಕೆ ಬರುತ್ತದೆ? ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡುವ.

ಕಾಗವಾಡ ನಮಗೆ ಎಂತಕ್ಕೆ?

ಕಾಗವಾಡ ಎಂದರೆ ನಮ್ಮ ಮನೆಗಳಲ್ಲಿ ಕೆಲವರಿಗೆ ಹೆಸರೇ ಹೊಸತು ಅನ್ನಿಸಬಹುದು. ಬೆಳಗಾವಿ ಜಿಲ್ಲೆಯ ಉತ್ತರದ ತುದಿ. ಮೊದಲು ಅಥಣಿ ತಾಲೂಕಿನಲ್ಲಿ ಇತ್ತು, ಈಗ ಅದೇ ಒಂದು ತಾಲೂಕು. ಊರು ದಾಟಿದರೆ ಮಹಾರಾಷ್ಟ್ರ. ಮಿರಜ್ ಪೇಟೆಗೆ ಹತ್ತಿರದ ದಾರಿ. ಹತ್ತಿರದ ಉಗಾರ ಖುರ್ದ್‌ನಲ್ಲಿ 1939ರಿಂದ ಇರುವ ಸಕ್ಕರೆ ಕಾರ್ಖಾನೆ ಉಂಟು. ಕೃಷ್ಣಾ ನದಿಯ ನೀರು, ಎಲ್ಲಿ ನೋಡಿದರೂ ಕಬ್ಬು.

ಹೋಟೆಲು, ಬೇಕರಿ, ಹಣ್ಣು, ಗುಜರಿ ವ್ಯಾಪಾರ ಎಂದು ಬ್ಯಾರಿಗಳು ಊರು ಬಿಟ್ಟು ಎಲ್ಲೆಲ್ಲಿಗೋ ಹೋಗಿ ನೆಲೆ ನಿಂತವರು. ಘಟ್ಟದ ಮೇಲಿನ ಸಣ್ಣ ಪೇಟೆಗಳೂ ಅದರಲ್ಲಿ ಸೇರಿವೆ. ವ್ಯಾಪಾರ ಬೇಡ ಎಂದರೂ ಬೆಳಗಾವಿಯ ನಂಟು ತಪ್ಪುವುದಿಲ್ಲ. ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೆಳಗಾವಿಯಲ್ಲಿ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಲ್ಲೇ. ಗಡಿ ದಾಟಿದರೆ ಮಿರಜ್‌ನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಜತೆಗೆ ಡಾಕ್ಟರ್ ವಿಲಿಯಂ ವಾನ್ಲೆಸ್ ಕಟ್ಟಿದ ನೂರು ವರ್ಷ ದಾಟಿದ ಮಿಷನ್ ಆಸ್ಪತ್ರೆ. ಓದು, ಮದ್ದು, ದುಡಿಮೆ ಇವು ಮೂರೂ ಮನುಷ್ಯನನ್ನು ದೂರ ಕರೆದುಕೊಂಡು ಹೋಗುತ್ತವೆ. ಹೋದ ಮೇಲೆ ಊರಿಗೂ ಅಲ್ಲಿಗೂ ನಡುವೆ ಎಷ್ಟು ಹೊತ್ತಿನ ದಾರಿ ಎಂಬುದು ದಿನನಿತ್ಯದ ಪ್ರಶ್ನೆಯಾಗುತ್ತದೆ.

ಇನ್ನೊಂದು ಹಳೆಯ ನಂಟೂ ಉಂಟು. ಗಲ್ಫಿಗೆ ಹೋಗಿ ಬಂದ ಹಿರಿಯರನ್ನು ಕೇಳಿ ನೋಡಿ. ಮುಂಬೈಯಿಂದ ಮಂಗಳೂರಿಗೆ ಬರುವ ಬಸ್ಸು ಪುಣೆ, ಕೊಲ್ಹಾಪುರ ದಾಟಿ ನಿಪ್ಪಾಣಿಗೆ ಬಂದಾಗ ‘ಕರ್ನಾಟಕ ಬಂತು’ ಎಂದು ಕಣ್ಣು ಬಿಟ್ಟು ನೋಡಿದವರು ಅವರು. ಅಲ್ಲಿಂದ ಸಂಕೇಶ್ವರ, ಬೆಳಗಾವಿ, ಹುಬ್ಬಳ್ಳಿ, ಮತ್ತೆ ಅರಬೈಲು ಘಾಟಿ ಇಳಿದು ಅಂಕೋಲಾ. ನಮ್ಮ ಎಷ್ಟೋ ಕುಟುಂಬಗಳ ಸೂಟ್‌ಕೇಸ್ ಈ ದಾರಿಯಲ್ಲೇ ಬಂದದ್ದು.

ಎರಡು ನಿಲ್ದಾಣ, ಎರಡು ರಾಜ್ಯ

ಸಾಂಬ್ರಾ ವಿಮಾನ ನಿಲ್ದಾಣ ಎರಡನೇ ಮಹಾಯುದ್ಧದ ಕಾಲದ್ದು. ಬರ್ಮಾ ಯುದ್ಧಕ್ಕೆ ತರಬೇತಿ ಕೊಡಲಿಕ್ಕೆ 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿದ್ದು. ಬೆಳಗಾವಿ ಪೇಟೆಯಿಂದ ಹತ್ತು ಕಿಲೋಮೀಟರ್. ಈಗಲೂ ಪಕ್ಕದಲ್ಲಿ ವಾಯುಪಡೆಯ ತರಬೇತಿ ಶಾಲೆ ಉಂಟು. 2017ರಲ್ಲಿ ಹೊಸ ಟರ್ಮಿನಲ್ ಬಂತು, ರನ್‌ವೇ 2,300 ಮೀಟರಿಗೆ ಉದ್ದವಾಯಿತು. ಅದಕ್ಕಿಂತ ಮೊದಲು ದೊಡ್ಡ ಜೆಟ್ ವಿಮಾನ ಇಳಿಯುವಷ್ಟು ಜಾಗ ಅಲ್ಲಿ ಇರಲಿಲ್ಲ.

ಕೊಲ್ಹಾಪುರದ್ದು ಅದಕ್ಕಿಂತಲೂ ಸ್ವಲ್ಪ ಹಳತು. ಅಲ್ಲಿನ ಮಹಾರಾಜರ ಕಾಲದಲ್ಲಿ, 1939ರಲ್ಲಿ ಶುರುವಾದದ್ದು. ಛತ್ರಪತಿ ರಾಜಾರಾಮ್ ಮಹಾರಾಜರ ಹೆಸರು ಅದಕ್ಕಿದೆ. ಎಷ್ಟೋ ವರ್ಷ ಪ್ರಯಾಣಿಕರ ವಿಮಾನವೇ ಇಲ್ಲದೆ ಖಾಲಿ ಬಿದ್ದಿದ್ದ ಈ ನಿಲ್ದಾಣಕ್ಕೆ ಜೀವ ಬಂದದ್ದು 2018ರಲ್ಲಿ, ಕೇಂದ್ರ ಸರಕಾರದ ಉಡಾನ್ ಯೋಜನೆಯಿಂದ.

2024ರ ಮಾರ್ಚ್ 10ರಂದು ಒಂದೇ ಸಮಾರಂಭದಲ್ಲಿ ಪ್ರಧಾನಿಯವರು ಕೊಲ್ಹಾಪುರದ ಹೊಸ ಟರ್ಮಿನಲ್ ಉದ್ಘಾಟಿಸಿದರು, ಬೆಳಗಾವಿ ಮತ್ತು ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗಳಿಗೆ ಅಡಿಗಲ್ಲನ್ನೂ ಇಟ್ಟರು. ಅಂದರೆ ಗಡಿಯ ಆಚೆ ಈಚೆ ಎರಡೂ ಕಡೆ ಕಟ್ಟಡ ಎದ್ದು ನಿಲ್ಲುತ್ತಿದೆ. ಅದು ಸಂತೋಷದ ವಿಷಯವೇ. ಆದರೆ ಪ್ರಯಾಣಿಕನಿಗೆ ಬೇಕಾದದ್ದು ಕಟ್ಟಡಕ್ಕಿಂತ ಮೊದಲು ವಿಮಾನ, ಅದಕ್ಕಿಂತಲೂ ಮೊದಲು ಅಲ್ಲಿಗೆ ತಲುಪುವ ದಾರಿ.

ಈಗ ಕಾಗವಾಡವನ್ನು ಈ ನಕ್ಷೆಯಲ್ಲಿ ಇಟ್ಟು ನೋಡುವ. ಕಾಗವಾಡದಿಂದ ಕೊಲ್ಹಾಪುರ ನಿಲ್ದಾಣಕ್ಕೆ ಪಶ್ಚಿಮಕ್ಕೆ ನೇರ ಗೆರೆಯಲ್ಲಿ 47 ಕಿಲೋಮೀಟರ್. ರಸ್ತೆಯಲ್ಲಿ ಜಯಸಿಂಗಪುರದ ಕಡೆಯಿಂದ ಹೋದರೆ ಸುಮಾರು 60. ಬೆಳಗಾವಿ ನಿಲ್ದಾಣ ದಕ್ಷಿಣಕ್ಕೆ, ನೇರ ಗೆರೆಯಲ್ಲಿ 93 ಕಿಲೋಮೀಟರ್. ರಸ್ತೆಯಲ್ಲಿ ಚಿಕ್ಕೋಡಿ, ಸಂಕೇಶ್ವರದ ಮೇಲೆ ಹೋದರೆ 120ರಿಂದ 130. ತನ್ನ ಜಿಲ್ಲೆಯ ವಿಮಾನ ನಿಲ್ದಾಣಕ್ಕಿಂತ ಪಕ್ಕದ ರಾಜ್ಯದ ನಿಲ್ದಾಣ ಕಾಗವಾಡದವರಿಗೆ ಅರ್ಧದಷ್ಟು ಹತ್ತಿರ. ರೇಶನ್ ಕಾರ್ಡು, ಪಹಣಿ, ಕೋರ್ಟು ಎಲ್ಲ ಬೆಳಗಾವಿಯ ಕಡೆ. ಆಸ್ಪತ್ರೆ, ಸಂತೆ, ವಿಮಾನ ಎಲ್ಲ ಮಹಾರಾಷ್ಟ್ರದ ಕಡೆ. ಗಡಿಯ ಜನರ ಬದುಕು ಇರುವುದೇ ಹೀಗೆ.

ಹನ್ನೆರಡು ನಿಮಿಷ ಯಾಕೆ ನಲ್ವತ್ತಾಗುತ್ತದೆ?

ವಿಮಾನದ ಟಿಕೆಟಿನಲ್ಲಿ ಬರೆಯುವ ಸಮಯ ಆಕಾಶದಲ್ಲಿ ಹಾರುವ ಸಮಯ ಮಾತ್ರ ಅಲ್ಲ. ನಿಂತ ಜಾಗದಿಂದ ಚಕ್ರದ ಅಡ್ಡಗಟ್ಟೆ ತೆಗೆದ ಕ್ಷಣದಿಂದ, ಇಳಿದು ಹೋಗಿ ಇನ್ನೊಂದು ಕಡೆ ಅಡ್ಡಗಟ್ಟೆ ಇಡುವ ತನಕದ ಲೆಕ್ಕ ಅದು. ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇ ತುದಿಗೆ ಉರುಳಿಕೊಂಡು ಹೋಗಬೇಕು, ತಿರುಗಬೇಕು, ಅಪ್ಪಣೆಗೆ ಕಾಯಬೇಕು. ಹಾರಿದ ಮೇಲೆ ಎತ್ತರಕ್ಕೆ ಏರುವಾಗ ಪೂರ್ತಿ ವೇಗ ಸಿಗುವುದಿಲ್ಲ, ಇಳಿಯುವಾಗಲೂ ಸಿಗುವುದಿಲ್ಲ. ಗಾಳಿಗೆ ಎದುರಾಗಿ ಇಳಿಯಬೇಕಾದ ಕಾರಣ ಕೆಲವೊಮ್ಮೆ ನಿಲ್ದಾಣವನ್ನು ದಾಟಿ ಹೋಗಿ ಸುತ್ತು ಹಾಕಿ ಬರಬೇಕು. 96 ಕಿಲೋಮೀಟರಿನ ದಾರಿಯಲ್ಲಿ ಏರುವುದು ಮುಗಿಯುವಾಗ ಇಳಿಯುವುದು ಶುರುವಾಗುತ್ತದೆ. ನಡುವೆ ‘ಹಾರುವುದು’ ಎಂಬುದೇ ಇಲ್ಲ. ಹಾಗಾಗಿ ಕಾಗದದ ಮೇಲಿನ ಹನ್ನೆರಡು ನಿಮಿಷ ಗಡಿಯಾರದಲ್ಲಿ ನಲ್ವತ್ತು ಆಗುತ್ತದೆ.

ಇಂಧನ ಹೆಚ್ಚು ಸುಡುವುದು ಕೂಡ ಮೇಲೇರುವಾಗಲೇ. ಅದಕ್ಕೇ ಇಷ್ಟು ಹತ್ತಿರದ ಎರಡು ಊರಿನ ನಡುವೆ ವಿಮಾನ ಓಡಿಸಿದರೆ ಯಾವ ಕಂಪೆನಿಗೂ ಗಿಟ್ಟುವುದಿಲ್ಲ. ಸರಕಾರವೂ ಅದಕ್ಕೆ ದುಡ್ಡು ಕೊಡುವುದಿಲ್ಲ. 2016ರಲ್ಲಿ ಉಡಾನ್ ಯೋಜನೆ ರೂಪಿಸುವಾಗ, ಗುಡ್ಡಗಾಡು, ದ್ವೀಪದಂಥ ಕಡೆಗಳನ್ನು ಬಿಟ್ಟು, 200ರಿಂದ 800 ಕಿಲೋಮೀಟರ್ ದೂರದ ಮಾರ್ಗಗಳನ್ನೇ ಲೆಕ್ಕಕ್ಕೆ ಇಟ್ಟುಕೊಂಡರು. ಸುಮಾರು ಒಂದು ಗಂಟೆಯ, 500 ಕಿ.ಮೀ. ಹಾರಾಟಕ್ಕೆ 2,500 ರೂಪಾಯಿ ಎಂದು ಅರ್ಧದಷ್ಟು ಸೀಟುಗಳಿಗೆ ದರ ಕಟ್ಟಿದರು. ಕಂಪೆನಿಗೆ ಆಗುವ ನಷ್ಟವನ್ನು ತುಂಬಿಕೊಡುವುದು ಮೂರು ವರ್ಷಕ್ಕೆ ಮಾತ್ರ.

ಈ ‘ಮೂರು ವರ್ಷ’ ಎಂಬುದನ್ನು ನಮ್ಮವರು ನೆನಪಿಡಬೇಕು. ಸಣ್ಣ ನಿಲ್ದಾಣದಿಂದ ಶುರುವಾದ ವಿಮಾನ ಕೆಲವು ಕಾಲ ಓಡಿ ಆಮೇಲೆ ಸದ್ದಿಲ್ಲದೆ ನಿಂತುಹೋಗುವುದಕ್ಕೆ ಇದೂ ಒಂದು ಕಾರಣ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್ ಸಿಕ್ಕಿದಾಗ ಬೆಳಗಾವಿಯ ವಿಮಾನಗಳು ಅತ್ತ ಹೋದವು. ಎರಡು ನಿಲ್ದಾಣಗಳ ನಡುವೆ ನೇರ ದೂರ 75 ಕಿಲೋಮೀಟರ್ ಅಷ್ಟೆ. ಆಮೇಲೆ 2019ರಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಹಲವು ಮಾರ್ಗ ಸಿಕ್ಕಿ ಮತ್ತೆ ಚೇತರಿಸಿಕೊಂಡಿತು. ಅದೇ ವರ್ಷ ಹಾರಾಟ ಶುರು ಮಾಡಿದ ಸ್ಟಾರ್ ಏರ್ ಕಂಪೆನಿ ಈ ಭಾಗದ ಉದ್ಯಮಿ ಸಂಜಯ್ ಘೋಡಾವತ್ ಅವರ ಸಮೂಹದ್ದು. ಐವತ್ತು ಸೀಟಿನ ಎಂಬ್ರೇರ್ ಜೆಟ್ ತಂದು ಸಣ್ಣ ಊರುಗಳನ್ನು ಜೋಡಿಸಲು ಹೊರಟದ್ದು ಅದರ ವಿಶೇಷ.

ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ, ಪಕ್ಕದಲ್ಲೇ ಗೋವಾದ ಎರಡು ನಿಲ್ದಾಣಗಳು. ಎಲ್ಲವೂ ಬೆಳಗಾವಿಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ. ಪ್ರಯಾಣಿಕರು ಅವರೇ, ಹಂಚಿಕೊಳ್ಳುವ ನಿಲ್ದಾಣ ಐದು. ಒಂದರ ಲಾಭ ಇನ್ನೊಂದರ ನಷ್ಟ.

ಬೆಳಿಗ್ಗೆ ಫೋನ್ ಬಂದರೆ?

ಈಗ ನಮ್ಮ ಲೆಕ್ಕಕ್ಕೆ ಬರುವ. ಪ್ರವಾಸಕ್ಕೆ ಹೋಗುವವನಿಗೆ ಎರಡು ತಾಸು ಹೆಚ್ಚು ಕಡಿಮೆಯಾದರೆ ಏನೂ ಹೋಗುವುದಿಲ್ಲ. ಆದರೆ ಸುಬ್ಹಿ ನಮಾಝಿನ ಹೊತ್ತಿಗೆ ಫೋನ್ ಬಂದು, ಕಾಗವಾಡದ ಕಡೆ ಇರುವ ಅಣ್ಣನೋ ಮಾಮನೋ ತೀರಿಕೊಂಡರು ಎಂದರೆ? ಮಯ್ಯಿತನ್ನು ಹೆಚ್ಚು ಹೊತ್ತು ಇಡುವುದು ನಮ್ಮಲ್ಲಿ ಇಲ್ಲ. ‘ನೀವು ಎಷ್ಟು ಹೊತ್ತಿಗೆ ತಲುಪುತ್ತೀರಿ? ಅಸರ್‌ಗೆ ಇಡುವುದಾ, ಮಗ್ರಿಬ್‌ಗೆ ಇಡುವುದಾ?’ ಎಂದು ಆ ಕಡೆಯಿಂದ ಕೇಳುತ್ತಾರೆ. ಆಗ ಬಾಯಿಗೆ ಬಂದ ಉತ್ತರ ಹೇಳಲಿಕ್ಕೆ ಆಗುವುದಿಲ್ಲ. ಒಂದು ಜಮಾಅತೇ ಕಾದು ಕುಳಿತಿರುತ್ತದೆ.

ಫರಂಗಿಪೇಟೆಯ ಒಂದು ಮನೆ ಎಂದು ಇಟ್ಟುಕೊಳ್ಳುವ. ಬೆಳಿಗ್ಗೆ 6 ಗಂಟೆಗೆ ಹೊರಟರೆ 7ಕ್ಕೆ ಬಜ್ಪೆ ನಿಲ್ದಾಣ. ದೇಶದೊಳಗಿನ ವಿಮಾನಕ್ಕೂ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅಷ್ಟು ಬೇಗ ಹೋಗಲೇಬೇಕು. 8.30ರ ವಿಮಾನದಲ್ಲಿ ಸೀಟು ಸಿಕ್ಕಿತು ಎನ್ನುವ. 9.35ಕ್ಕೆ ಬೆಂಗಳೂರು. ಮುಂದಿನ ವಿಮಾನಕ್ಕೆ ಮೂರು ತಾಸು ಕಾಯುವಿಕೆ. 12.35ಕ್ಕೆ ಹೊರಟು 1.50ಕ್ಕೆ ಬೆಳಗಾವಿ. ಬ್ಯಾಗು ಹಿಡಿದು ಹೊರಗೆ ಬರುವಾಗ 2.20. ಅಲ್ಲಿಂದ ಟ್ಯಾಕ್ಸಿಯಲ್ಲಿ ಕಾಗವಾಡಕ್ಕೆ ಮೂರು ತಾಸು. ತಲುಪುವಾಗ ಸಂಜೆ 5.20. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹನ್ನೊಂದು ತಾಸು ಇಪ್ಪತ್ತು ನಿಮಿಷ. ಅದರಲ್ಲಿ ವಿಮಾನದಲ್ಲಿ ಕುಳಿತದ್ದು ಎರಡು ತಾಸು ಇಪ್ಪತ್ತು ನಿಮಿಷ ಮಾತ್ರ.

ಅದೇ ಬೆಂಗಳೂರಿನಿಂದ ಬೆಳಗಾವಿಯ ಬದಲು ಕೊಲ್ಹಾಪುರಕ್ಕೆ ಹೋದರೆ? ಬೆಂಗಳೂರು–ಬೆಳಗಾವಿ ನೇರ ದೂರ ಸುಮಾರು 443 ಕಿ.ಮೀ., ಬೆಂಗಳೂರು–ಕೊಲ್ಹಾಪುರ 531 ಕಿ.ಮೀ. ಆಕಾಶದಲ್ಲಿ 88 ಕಿಲೋಮೀಟರ್ ಹೆಚ್ಚು. ವಿಮಾನಕ್ಕೆ ಅದು ಹತ್ತು ನಿಮಿಷದ ವ್ಯತ್ಯಾಸ. ಆದರೆ ಇಳಿದ ಮೇಲೆ ರಸ್ತೆಯಲ್ಲಿ 60 ಕಿಲೋಮೀಟರಿಗಿಂತ ಹೆಚ್ಚು ಉಳಿಯುತ್ತದೆ. ಅದೇ 12.35ಕ್ಕೆ ಹೊರಟರೆ 2 ಗಂಟೆಗೆ ಇಳಿದು, 2.30ಕ್ಕೆ ಹೊರಗೆ ಬಂದು, 4 ಗಂಟೆಗೆ ಕಾಗವಾಡದಲ್ಲಿ ಇರಬಹುದು. ವಿಮಾನದಲ್ಲಿ ದೂರವಾದ ನಿಲ್ದಾಣ ಗಡಿಯಾರದಲ್ಲಿ ಒಂದು ತಾಸು ಇಪ್ಪತ್ತು ನಿಮಿಷ ಹತ್ತಿರ. ಅಸರ್‌ಗೆ ತಲುಪುವುದಕ್ಕೂ ತಲುಪದೇ ಇರುವುದಕ್ಕೂ ನಡುವಿನ ವ್ಯತ್ಯಾಸ ಇಷ್ಟೇ.

ಸಣ್ಣ ನಿಲ್ದಾಣಗಳ ವಿಷಯದಲ್ಲಿ ನಾವು ತಿಳಿದುಕೊಳ್ಳಬೇಕಾದ ಮುಖ್ಯ ಮಾತು ಇದು. ಆಕಾಶದಲ್ಲಿ ನೂರು ಕಿಲೋಮೀಟರ್ ಹೆಚ್ಚಾದರೆ ಹತ್ತು ಹದಿನೈದು ನಿಮಿಷ. ನೆಲದಲ್ಲಿ ನೂರು ಕಿಲೋಮೀಟರ್ ಹೆಚ್ಚಾದರೆ ಎರಡೂವರೆ ತಾಸು. ಆದ್ದರಿಂದ ವಿಮಾನದ ಸಮಯ ನೋಡಿ ನಿಲ್ದಾಣ ಆರಿಸಬಾರದು. ಇಳಿದ ಮೇಲಿನ ರಸ್ತೆ ನೋಡಿ ಆರಿಸಬೇಕು.

ಕಾರಿನಲ್ಲೇ ಹೊರಟರೆ? ಮಂಗಳೂರಿನಿಂದ ಕಾಗವಾಡಕ್ಕೆ 550ರಿಂದ 600 ಕಿಲೋಮೀಟರ್. ಅಂಕೋಲಾ, ಅರಬೈಲು ಘಾಟಿ, ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗಲಿಕ್ಕೆ ಹನ್ನೆರಡು ಹದಿಮೂರು ತಾಸು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬೆಳಗಾವಿಗೆ ಇಳಿಯುವ ವಿಮಾನದ ಹನ್ನೊಂದೂ ಕಾಲು ತಾಸಿಗೂ ಇದಕ್ಕೂ ದೊಡ್ಡ ಅಂತರ ಇಲ್ಲ. ಐದು ಜನ ಹೋಗುವುದಾದರೆ ಒಂದು ಕಾರು ಸಾಕು. ವಿಮಾನದಲ್ಲಾದರೆ ಕೊನೆಯ ಗಳಿಗೆಯ ಐದು ಟಿಕೆಟು, ಮೇಲೆ ಟ್ಯಾಕ್ಸಿ. ಹೆಂಗಸರು, ವಯಸ್ಸಾದ ಉಮ್ಮ ಜತೆಗಿದ್ದರೆ ಬೇರೆಯೇ ಯೋಚನೆ. ಹನ್ನೆರಡು ತಾಸು ಕಾರಿನಲ್ಲಿ ಕೂರಲಿಕ್ಕೆ ಆಗದವರಿಗೆ ವಿಮಾನವೇ ವಾಸಿ. ಲೆಕ್ಕ ಮಾಡಬೇಕಾದದ್ದು ಮನೆಯವರು, ಮೊಬೈಲ್ ಅಲ್ಲ.

ಇದ್ದಿದ್ದರೆ ಒಳ್ಳೆಯದಿತ್ತು

ಮಂಗಳೂರಿನಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ ಸುಮಾರು 322 ಕಿಲೋಮೀಟರ್. ಬೆಂಗಳೂರಿಗೆ ಹೋಗಿ ತಿರುಗಿ ಬರುವಾಗ ನಾವು ಹಾರುವುದು 748 ಕಿಲೋಮೀಟರ್. ಎರಡು ಪಟ್ಟಿಗಿಂತಲೂ ಹೆಚ್ಚು. ಮಂಗಳೂರು–ಬೆಳಗಾವಿ ನೇರ ವಿಮಾನ ದಿನಕ್ಕೊಂದು ನಿಯಮಿತವಾಗಿ ಇದ್ದರೆ ಫರಂಗಿಪೇಟೆಯಿಂದ ಕಾಗವಾಡಕ್ಕೆ ಏಳು ತಾಸು ಸಾಕು. ಬೆಳಿಗ್ಗೆ 6ಕ್ಕೆ ಹೊರಟವರು ಮಧ್ಯಾಹ್ನ 1ರ ಹೊತ್ತಿಗೆ ತಲುಪುತ್ತಾರೆ. 322 ಕಿಲೋಮೀಟರ್ ಉಡಾನ್‌ನ ಅಳತೆಯ ಒಳಗೇ ಬರುತ್ತದೆ. ಇತ್ತ ಕರಾವಳಿ, ಅತ್ತ ಚಳಿಗಾಲದ ಅಧಿವೇಶನ ನಡೆಯುವ ಸುವರ್ಣ ವಿಧಾನಸೌಧ, ತಾಂತ್ರಿಕ ವಿಶ್ವವಿದ್ಯಾಲಯ, ಆಸ್ಪತ್ರೆಗಳು. ನಮ್ಮ ಸಂಘಟನೆಗಳು, ಜಮಾಅತ್‌ಗಳು ಜನಪ್ರತಿನಿಧಿಗಳಿಗೆ ಮನವಿ ಕೊಡುವಾಗ ಗಲ್ಫ್ ವಿಮಾನದ ದರದ ಬಗ್ಗೆ ಬರೆಯುತ್ತವೆ. ಅದು ಸರಿಯೇ. ಅದರ ಜತೆಗೆ ರಾಜ್ಯದ ಒಳಗಿನ ಈ ಮಾರ್ಗವನ್ನೂ ಒಂದು ಸಾಲು ಸೇರಿಸಿದರೆ ಒಳ್ಳೆಯದು.

ನೇರ ವಿಮಾನದ ಬೆಲೆ ಏನು ಎಂಬುದು ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಜ್ಪೆಯಲ್ಲಿ 1951ರಿಂದಲೇ ವಿಮಾನ ನಿಲ್ದಾಣ ಇದ್ದರೂ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದರವರೆಗೆ ದುಬೈಯಿಂದ ಮುಂಬೈಗೆ ಮೂರು ತಾಸು, ಮುಂಬೈಯಿಂದ ಊರಿಗೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ಸಾವಿರಾರು ಕಿಲೋಮೀಟರಿನ ಸಮುದ್ರ ಹತ್ತಿರ, ಪಕ್ಕದ ರಾಜ್ಯ ದೂರ. ತಂದೆಯ ಮಯ್ಯಿತ್ ನೋಡಲು ಸಿಗದೆ ಬಂದು ಖಬರ್ ಮಾತ್ರ ನೋಡಿದವರು ನಮ್ಮ ಊರುಗಳಲ್ಲಿ ಎಷ್ಟು ಜನ! ಇವತ್ತು ದುಬೈಯಿಂದ ಮಂಗಳೂರಿಗೆ ಬರುವವರು ಕಾಗವಾಡದಿಂದ ಬರುವವರಿಗಿಂತ ಬೇಗ ಮನೆ ಸೇರುತ್ತಾರೆ. ಕಾಲ ತಿರುಗಿದೆ, ಆದರೆ ಸಂಕಟ ಅದೇ.

ತಾಸಿನಲ್ಲಿ ಅಳೆಯುವ ಜನ

ಬೆಳಗಾವಿ ಕಡೆಯವರನ್ನು ‘ಊರು ಎಷ್ಟು ದೂರ?’ ಎಂದು ಕೇಳಿದರೆ ಕಿಲೋಮೀಟರ್ ಹೇಳುವುದಿಲ್ಲ. ‘ಎರಡ್ ತಾಸಿನ ಹಾದಿ ಐತ್ರಿ’ ಎನ್ನುತ್ತಾರೆ. ಹಿಂದಿನ ಫಿಕ್ಹ್ ವಿದ್ವಾಂಸರೂ ದೂರವನ್ನು ಹೀಗೇ ಅಳೆದವರು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಕಸ್ರ್ ಮಾಡುವ ಪ್ರಯಾಣಕ್ಕೆ ಎರಡು ಮರ್‌ಹಲ ಎನ್ನುತ್ತಾರೆ. ಮರ್‌ಹಲ ಎಂದರೆ ಒಂದು ದಿನದ ಪಯಣ. ಎರಡು ಸೇರಿ ಹದಿನಾರು ಫರ್ಸಖ್. ಉತ್ತರ ಕರ್ನಾಟಕದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ಮೂರು ದಿನದ ದಾರಿಯ ಲೆಕ್ಕ. ಹಡಗಿನಲ್ಲಿ ಅಷ್ಟೂ ದೂರವನ್ನು ಒಂದೇ ತಾಸಿನಲ್ಲಿ ದಾಟಿದರೂ ಅವನು ಪ್ರಯಾಣಿಕನೇ ಎಂದು ಶಾಫಿಈ ಗ್ರಂಥಗಳಲ್ಲಿ ವಿಮಾನ ಇಲ್ಲದ ಕಾಲದಲ್ಲೇ ಬರೆದಿಟ್ಟಿದ್ದಾರೆ. ಬೇಗ ತಲುಪಿದ ಮಾತ್ರಕ್ಕೆ ದೂರ ಇಲ್ಲವಾಗುವುದಿಲ್ಲ ಎಂಬ ಅರಿವು ಅದರಲ್ಲಿದೆ. ವಿಮಾನ ಪ್ರಯಾಣದ ಕಸ್ರ್, ಜಂಅ್ ವಿವರಗಳನ್ನು ಹೊರಡುವ ಮೊದಲು ಊರಿನ ಉಸ್ತಾದರಲ್ಲಿ ಕೇಳಿಕೊಂಡರೆ ಒಳ್ಳೆಯದು.

ಹೋಗುವವರು ನೆನಪಿಡಲು

ಒಂದು, ಸಣ್ಣ ನಿಲ್ದಾಣಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆಯದ್ದು, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ್ದು. ಹೋದ ವರ್ಷ ಇದ್ದ ವಿಮಾನ ಈ ವರ್ಷವೂ ಇರುತ್ತದೆ ಎಂದು ಹೊರಡಬೇಡಿ. ಎಷ್ಟೋ ಮಾರ್ಗಗಳಲ್ಲಿ ವಿಮಾನ ದಿನಾ ಇರುವುದಿಲ್ಲ, ವಾರಕ್ಕೆ ಮೂರೋ ನಾಲ್ಕೋ ದಿನ ಮಾತ್ರ.

ಎರಡು, ಕಾಗವಾಡ, ಅಥಣಿ, ಶೇಡಬಾಳ, ಉಗಾರ ಕಡೆಗೆ ಹೋಗುವವರು ಟಿಕೆಟ್ ನೋಡುವಾಗ ಬೆಳಗಾವಿ ಮತ್ತು ಕೊಲ್ಹಾಪುರ ಎರಡನ್ನೂ ಹಾಕಿ ನೋಡಿ. ನಿಪ್ಪಾಣಿಯವರಿಗೂ ಕೊಲ್ಹಾಪುರವೇ ಹತ್ತಿರ. ಚಿಕ್ಕೋಡಿ, ರಾಯಬಾಗದವರಿಗೆ ಆ ದಿನ ಯಾವ ವಿಮಾನ ಇದೆಯೋ ಅದೇ ಹತ್ತಿರ.

ಮೂರು, ರೈಲನ್ನು ಮರೆಯಬೇಡಿ. ಮಿರಜ್–ಬೆಳಗಾವಿ ರೈಲು ದಾರಿ 138 ಕಿಲೋಮೀಟರ್. ಶೇಡಬಾಳ, ಉಗಾರ ಖುರ್ದ್, ಕುಡಚಿ, ರಾಯಬಾಗ, ಘಟಪ್ರಭಾ ಎಲ್ಲ ಇದೇ ದಾರಿಯ ನಿಲ್ದಾಣಗಳು. ಬೆಳಗಾವಿಯಲ್ಲಿ ಇಳಿದವರು ಟ್ಯಾಕ್ಸಿಗೆ ಸಾವಿರಾರು ರೂಪಾಯಿ ಕೊಡುವ ಮೊದಲು ರೈಲಿನ ಹೊತ್ತು ನೋಡುವುದು ಒಳ್ಳೆಯದು. ಅವಸರ ಇಲ್ಲದವರಿಗೆ ಪುಣೆ–ಎರ್ನಾಕುಲಂ ಪೂರ್ಣಾ ಎಕ್ಸ್‌ಪ್ರೆಸ್ ಉಂಟು. ವಾರಕ್ಕೊಮ್ಮೆ ಮಿರಜ್, ಬೆಳಗಾವಿ, ಲೋಂಡಾ, ಮಡಗಾಂವ್ ಮೇಲೆ ಕರಾವಳಿಗೆ ಬರುತ್ತದೆ. ಮಿರಜಿನಲ್ಲಿ ಹತ್ತಿದವರು ರೈಲು ಬದಲಿಸದೆ ನಮ್ಮ ಕಡೆ ಇಳಿಯಬಹುದು.

ನಾಲ್ಕು, ಮಳೆಗಾಲದಲ್ಲಿ ಬೆಳಗಾವಿ, ಕೊಲ್ಹಾಪುರ ಎರಡೂ ಕಡೆ ಮೋಡ, ಮಂಜು. ಪೈಲಟ್‌ಗೆ ರನ್‌ವೇ ಕಾಣದಿದ್ದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ದಿನದ ಮುಖ್ಯ ಕೆಲಸಕ್ಕೆ ಕೊನೆಯ ವಿಮಾನವನ್ನು ನಂಬಿಕೊಳ್ಳಬೇಡಿ.

ಐದು, ಇದು ಹೇಳಲು ಕಷ್ಟದ ಮಾತು. ಮಯ್ಯಿತನ್ನು ವಿಮಾನದಲ್ಲಿ ಊರಿಗೆ ತರುವ ಯೋಚನೆ ಬಂದರೆ ಮರಣ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರದ ಜತೆ ದೇಹಕ್ಕೆ ಮದ್ದು ಹಾಕಿ ಕೆಡದಂತೆ ಮಾಡಿದ ಎಂಬಾಮಿಂಗ್ ಪ್ರಮಾಣಪತ್ರವನ್ನೂ ವಿಮಾನ ಕಂಪೆನಿಗಳು ಕೇಳುತ್ತವೆ. ಇದಕ್ಕೆಲ್ಲ ಓಡಾಡುವಾಗ ಅರ್ಧ ದಿನ ಹೋಗುತ್ತದೆ. ಸಣ್ಣ ವಿಮಾನಗಳಲ್ಲಿ ಪೆಟ್ಟಿಗೆ ಇಡುವ ಜಾಗವೂ ಕಡಿಮೆ. ಅಷ್ಟು ಹೊತ್ತಿಗೆ ಆಂಬುಲೆನ್ಸ್ ಹುಬ್ಬಳ್ಳಿ ದಾಟಿರುತ್ತದೆ. ಊರಿಗೆ ತರುವುದಾ, ಅಲ್ಲೇ ದಫನ ಮಾಡುವುದಾ ಎಂಬುದನ್ನು ಮನೆಯವರು ಆರೋಗ್ಯ ಇರುವಾಗಲೇ ಮಾತಾಡಿಕೊಂಡರೆ ಆ ಹೊತ್ತಿನಲ್ಲಿ ಜಗಳವಿಲ್ಲ, ಗೊಂದಲವಿಲ್ಲ. ಅಲ್ಲಿನ ಜಮಾಅತ್‌ನವರ ನಂಬರ್ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಹೇಗೂ ತಲುಪಲಾಗದವರು ಊರಿನ ಮಸೀದಿಯಲ್ಲೇ ಗಾಯಿಬ್ ಮಯ್ಯಿತ್ ನಮಾಝ್ ನಿರ್ವಹಿಸುವ ಅವಕಾಶ ನಮ್ಮಲ್ಲಿ ಇದ್ದೇ ಇದೆ.

ದೂರದಲ್ಲಿ ಸಂಬಂಧಿಕರು ಇರುವ ಪ್ರತಿಯೊಂದು ಮನೆಯೂ ಈ ಒಂದು ಲೆಕ್ಕವನ್ನು ಪುರುಸೊತ್ತಿನ ಒಂದು ಸಂಜೆ ಕೂತು ಬರೆದಿಡಬಹುದು. ಕಾಗವಾಡ ಅಲ್ಲದಿದ್ದರೆ ಬೀದರ್, ಕಲಬುರಗಿ, ಬಳ್ಳಾರಿ ಇರಬಹುದು. ಯಾವ ನಿಲ್ದಾಣ, ಇಳಿದ ಮೇಲೆ ಎಷ್ಟು ರಸ್ತೆ, ವಿಮಾನ ಇಲ್ಲದಿದ್ದರೆ ಯಾವ ರೈಲು, ಯಾವ ಬಸ್ಸು, ಆ ಊರಿನಲ್ಲಿ ಯಾರ ನಂಬರ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟರೆ ಸಾಕು. ‘ಎಷ್ಟು ಹೊತ್ತಿಗೆ ಬರ್ತೀರಿ?’ ಎಂದು ಆ ಕಡೆಯಿಂದ ಕೇಳಿದಾಗ ಸರಿಯಾದ ಗಂಟೆ ಹೇಳಲು ನಮಗೆ ಆಗಬೇಕು.